ಕಡತ ಸೇರಿದ ‘ಪರವಾಗಿಲ್ಲ’

ಅಕ್ಕನ ವಿಮಾ ಅರ್ಜಿಗೆ ಮೊದಲ ಸಲ ಬಂದ ಉತ್ತರ ಎರಡು ಪುಟಗಳ ನಿರಾಕರಣೆಯ ಪತ್ರವಾಗಿತ್ತು. ಅದರ ಎರಡನೆಯ ಪುಟದಲ್ಲಿ, ಅರ್ಜಿಯನ್ನು ಒಪ್ಪದಿರಲು ಕೊಟ್ಟ ಕಾರಣಗಳ ನಡುವೆ, ‘ತಾನು ಚೆನ್ನಾಗಿರುವುದಾಗಿ ಅರ್ಜಿದಾರರೇ ವೈದ್ಯರಿಗೆ ತಿಳಿಸಿದ್ದಾರೆ’ ಎಂಬ ಒಂದು ವಾಕ್ಯವಿತ್ತು. ಅವಳು ಹಾಗೆ ತಿಳಿಸಿದ ದಿನ ನಾನು ಅವಳ ಪಕ್ಕದಲ್ಲೇ ಕುಳಿತಿದ್ದೆ. ವೈದ್ಯರು ಕಂಪ್ಯೂಟರಿನಿಂದ ಕಣ್ಣೆತ್ತಿ “ಹೇಗಿದ್ದೀರಮ್ಮ?” ಎಂದು ಕೇಳಿದ್ದರು; ಹಿಂದಿನ ರಾತ್ರಿ ಮೂರು ಸಲ ವಾಂತಿ ಮಾಡಿಕೊಂಡು, ಬೆಳಗ್ಗೆ ಸೀರೆಯ ಪಿನ್ನನ್ನು ಸಹ ನನ್ನ ಕೈಯಿಂದಲೇ ಹಾಕಿಸಿಕೊಂಡು ಬಂದಿದ್ದ ಅಕ್ಕ, “ಪರವಾಗಿಲ್ಲ ಡಾಕ್ಟ್ರೇ” ಎಂದು ನಕ್ಕಿದ್ದಳು. ಹೊರಗೆ ನಲವತ್ತು ಜನ ಕಾಯುತ್ತಿದ್ದರು, ವೈದ್ಯರ ಹೊತ್ತನ್ನು ಹಾಳು ಮಾಡಬಾರದು ಎಂಬುದು ಅವಳ ಲೆಕ್ಕ. ಆ ಒಂದು ಮಾತು ಆಸ್ಪತ್ರೆಯ ಕಡತಕ್ಕೆ ಹೋಗಿ, ಅಲ್ಲಿಂದ ವಿಮಾ ಕಂಪನಿಯ ಮೇಜಿಗೆ ಹೋಗಿ, ಮೂರು ತಿಂಗಳ ನಂತರ ಅವಳ ವಿರುದ್ಧದ ಸಾಕ್ಷ್ಯವಾಗಿ ಮನೆಗೆ ಹಿಂತಿರುಗಿತ್ತು.

ಇಂದು ನಾನು ಮಾತಾಡಬೇಕೆಂದಿರುವುದು ಆ ಮಾತು ಸಾಗಿದ ದಾರಿಯ ಬಗ್ಗೆ. ಮುಂದುವರಿದ ಕ್ಯಾನ್ಸರ್ ಇರುವವರು ಉದ್ಯೋಗದ ಮೂಲಕ ತಮಗೆ ಸಲ್ಲಬೇಕಾದ ಅಸಾಮರ್ಥ್ಯ ಸೌಲಭ್ಯವನ್ನು, ಅಂದರೆ ಕೆಲಸ ಮಾಡಲಾಗದ ಕಾಲಕ್ಕೆ ಸಿಗುವ ಭತ್ಯೆಯನ್ನು, ಕೇಳಲು ಹೊರಟಾಗ, ಕಾಯಿಲೆ ಎಷ್ಟು ದೊಡ್ಡದು ಎಂಬುದರ ಮೇಲೆ ತೀರ್ಮಾನ ಆಗುತ್ತದೆಂದು ನಾವು ಅಂದುಕೊಳ್ಳುತ್ತೇವೆ. ಆದರೆ ತೀರ್ಮಾನ ಆಗುವುದು ಕಡತದಲ್ಲಿ ಏನು ಬರೆದಿದೆ ಎಂಬುದರ ಮೇಲೆ. ಆ ಕಡತವನ್ನು ಬರೆಯುವವರು ಒಂದು ಉದ್ದೇಶಕ್ಕಾಗಿ ಬರೆಯುತ್ತಾರೆ, ಓದುವವರು ಇನ್ನೊಂದು ಉದ್ದೇಶಕ್ಕಾಗಿ ಓದುತ್ತಾರೆ. ಈ ಮಾತನ್ನು ಇಷ್ಟು ಖಚಿತವಾಗಿ ಹೇಳಲು ನನಗೆ ಕಾರಣವಿದೆ. ಒಂದು ದೊಡ್ಡ ಸಂಸ್ಥೆಯ ಸಿಬ್ಬಂದಿ ವಿಭಾಗದಲ್ಲಿ 22 ವರ್ಷ ಕೆಲಸ ಮಾಡಿದ ನಾನು ಇಂಥ ಕಡತಗಳನ್ನು ಮೇಜಿನ ಆ ಬದಿಯಿಂದಲೇ ಓದಿದವಳು. ‘ಸ್ಟೇಬಲ್’, ಅಂದರೆ ಸ್ಥಿರ, ಎಂಬ ಪದ ಕಂಡಾಗಲೆಲ್ಲ, ಸದ್ಯ ಈ ನೌಕರರು ಸುಧಾರಿಸುತ್ತಿದ್ದಾರೆ ಎಂದೇ ನಾನೂ ತಿಳಿದಿದ್ದೆ. ಅದು ತಪ್ಪು ಎಂದು ಗೊತ್ತಾಗಲು ನನ್ನ ಅಕ್ಕನ ದೊಡ್ಡ ಕರುಳಿನ ಕ್ಯಾನ್ಸರ್ ಯಕೃತ್ತಿಗೆ ಹರಡಬೇಕಾಯಿತು.

ಮೊದಲು ಹೆಸರಿನ ತೊಡಕನ್ನು ನೋಡೋಣ. ಈ ಅಸಾಮರ್ಥ್ಯಕ್ಕೆ ಕನ್ನಡದಲ್ಲಿ ಹೆಚ್ಚಾಗಿ ಬಳಸುವ ‘ಅಂಗವೈಕಲ್ಯ’ ಎಂಬ ಪದ ಅಂಗದಿಂದಲೇ ಶುರುವಾಗುತ್ತದೆ. ಕೇಳಿದ ಕೂಡಲೇ ಕೈಯೋ ಕಾಲೋ ಕಣ್ಣೋ ಮನಸ್ಸಿಗೆ ಬರುತ್ತದೆ. ನಾಲ್ಕನೆಯ ಹಂತದ, ಅಂದರೆ ಬೇರೆ ಅಂಗಗಳಿಗೆ ಹರಡಿದ, ಕ್ಯಾನ್ಸರ್ ಇರುವವರಿಗೆ ಹೊರಗೆ ಕಾಣುವ ಅಂಗಗಳೆಲ್ಲ ಇದ್ದಲ್ಲೇ ಇರುತ್ತವೆ, ಎಷ್ಟೋ ಮಂದಿಯ ತಲೆಗೂದಲು ಕೂಡ ಉದುರುವುದಿಲ್ಲ. ಹಾಗಾಗಿ ‘ನಾನು ಅಂಗವಿಕಲನೇ?’ ಎಂಬ ಸಂಕೋಚ ರೋಗಿಗೇ ಮೊದಲು ಕಾಡುತ್ತದೆ, ‘ಇವರೇನು ಚೆನ್ನಾಗಿಯೇ ಇದ್ದಾರಲ್ಲ’ ಎಂಬ ಅನುಮಾನ ನೋಡುವವರನ್ನು ಆಮೇಲೆ ಕಾಡುತ್ತದೆ. ಕಾನೂನುಗಳು ಕೂಡ ಈ ವಿಷಯದಲ್ಲಿ ಒಂದೇ ದಾರಿ ಹಿಡಿದಿಲ್ಲ. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯ ಪ್ರಕಾರ ಕ್ಯಾನ್ಸರ್ ಇದೆ ಎಂದು ಪತ್ತೆಯಾದ ದಿನದಿಂದಲೇ ಆ ವ್ಯಕ್ತಿಗೆ ಅಂಗವಿಕಲರಿಗಿರುವ ಉದ್ಯೋಗ ರಕ್ಷಣೆ ಸಿಗುತ್ತದೆ. ಬೇರೆ ಏನನ್ನೂ ಸಾಬೀತು ಮಾಡಬೇಕಾಗಿಲ್ಲ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡುತ್ತದೆ, ಅದರಲ್ಲಿ ಕ್ಯಾನ್ಸರ್ ಎಂಬ ಹೆಸರಿಲ್ಲ. ಆದರೆ ಅಲ್ಲಿನ ನೌಕರರ ರಾಜ್ಯ ವಿಮಾ ಯೋಜನೆ, ಅಂದರೆ ಇಎಸ್‌ಐ, ದೀರ್ಘಕಾಲದ ಕಾಯಿಲೆಗಳ ತನ್ನ ಪಟ್ಟಿಯಲ್ಲಿ ಕ್ಯಾನ್ಸರನ್ನು ಸೇರಿಸಿಕೊಂಡಿದೆ, ಮಾಮೂಲಿ ಕಾಯಿಲೆಗೆ ಕೊಡುವ ಶೇಕಡ 70ರ ಬದಲು ಶೇಕಡ 80ರ ದರದಲ್ಲಿ ವೇತನವನ್ನು ತುಂಬಿಕೊಡುತ್ತದೆ. ಜರ್ಮನಿಯಲ್ಲಿ ಮೊದಲ ಆರು ವಾರ ಮಾಲೀಕರೇ ಪೂರ್ತಿ ಸಂಬಳ ಕೊಟ್ಟು, ಆಮೇಲೆ ಅದೇ ಕಾಯಿಲೆಗೆ ಮೂರು ವರ್ಷಗಳೊಳಗೆ, ಆ ಆರು ವಾರಗಳೂ ಸೇರಿ ಒಟ್ಟು 78 ವಾರ ಆಗುವವರೆಗೆ, ಆರೋಗ್ಯ ವಿಮೆಯಿಂದ ಭತ್ಯೆ ಬರುತ್ತದೆ. ಕೆನಡಾ 2022ರ ಡಿಸೆಂಬರಿನಲ್ಲಿ ತನ್ನ ಕಾಯಿಲೆ ಭತ್ಯೆಯ ಅವಧಿಯನ್ನು 15 ವಾರಗಳಿಂದ 26 ವಾರಗಳಿಗೆ ಹೆಚ್ಚಿಸಿತು. ಅಮೆರಿಕದಲ್ಲಿ ಸರ್ಕಾರದ ಸಾಮಾಜಿಕ ಭದ್ರತಾ ವಿಮೆ ಒಂದಾದರೆ, ಮಾಲೀಕರು ನೌಕರರ ಪರವಾಗಿ ಕೊಂಡ ಖಾಸಗಿ ಗುಂಪು ವಿಮೆ ಇನ್ನೊಂದು. ಎರಡಕ್ಕೂ ಬೇರೆಬೇರೆ ಫಾರಂ, ಬೇರೆಬೇರೆ ವ್ಯಾಖ್ಯೆ.

ಇಷ್ಟು ವ್ಯತ್ಯಾಸವಿದ್ದರೂ ಈ ವ್ಯವಸ್ಥೆಗಳಲ್ಲಿ ಹೆಚ್ಚಿನವು ಎರಡೇ ಬಗೆಯ ಮನುಷ್ಯರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕಟ್ಟಿದವು. ಒಬ್ಬರು ಕಾಯಿಲೆ ಬಿದ್ದು ಕೆಲವು ತಿಂಗಳಲ್ಲಿ ಗುಣವಾಗಿ ಕೆಲಸಕ್ಕೆ ಮರಳುವವರು, ಇನ್ನೊಬ್ಬರು ಇನ್ನು ಕೆಲವೇ ತಿಂಗಳಲ್ಲಿ ತೀರಿಕೊಳ್ಳುವವರು. ಮುಂದುವರಿದ ಕ್ಯಾನ್ಸರಿನ ಮಟ್ಟಿಗೆ ಈ ಚಿತ್ರ ಒಂದು ಕಾಲಕ್ಕೆ ಬಹುತೇಕ ಸರಿಯಾಗಿಯೇ ಇತ್ತು. ಆದರೆ 2001ರಲ್ಲಿ ಇಮಾಟಿನಿಬ್ ಎಂಬ ಔಷಧ ಬಂದ ಮೇಲೆ ಒಂದು ಬಗೆಯ ರಕ್ತದ ಕ್ಯಾನ್ಸರ್ ದಿನಕ್ಕೊಂದು ಮಾತ್ರೆಯಲ್ಲಿ ಹಿಡಿತಕ್ಕೆ ಬಂದಿತು. 2011ರಲ್ಲಿ ಇಪಿಲಿಮುಮ್ಯಾಬ್ ಎಂಬ ಔಷಧಕ್ಕೆ ಅನುಮತಿ ಸಿಕ್ಕ ಮೇಲೆ, ಹರಡಿದ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಇದ್ದವರಲ್ಲಿ ಕೆಲವರಾದರೂ ವರ್ಷಗಟ್ಟಲೆ ಬದುಕತೊಡಗಿದರು. ಆ ಜಾತಿಯ ಚಿಕಿತ್ಸೆಗೆ ದಾರಿ ತೆರೆದ ಇಬ್ಬರು ವಿಜ್ಞಾನಿಗಳಿಗೆ 2018ರಲ್ಲಿ ನೊಬೆಲ್ ಬಂತು. ಹೀಗೆ ಮೂರನೆಯ ಬಗೆಯವರು ಹುಟ್ಟಿಕೊಂಡರು. ಇವರು ಗುಣವಾಗುವುದಿಲ್ಲ, ಕೂಡಲೇ ಸಾಯುವುದೂ ಇಲ್ಲ. ಎರಡು ವಾರಕ್ಕೋ ಮೂರು ವಾರಕ್ಕೋ ಒಮ್ಮೆ ಚಿಕಿತ್ಸೆ, ಎರಡು ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಎಂಬ ಸುತ್ತಿನಲ್ಲಿ ಬದುಕುತ್ತಾರೆ. ಔಷಧ ಮುಂದಕ್ಕೆ ಹೋಯಿತು, ಫಾರಂ ಮಾತ್ರ ಇದ್ದಲ್ಲೇ ಉಳಿಯಿತು.

ಈಗ ಕಡತದ ಮಾತುಗಳಿಗೆ ಬರುತ್ತೇನೆ. ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಕೇಳಿ.

ಸ್ಕ್ಯಾನ್ ವರದಿಯಲ್ಲಿ ‘ಸ್ಟೇಬಲ್ ಡಿಸೀಸ್’ ಎಂದು ಬರೆಯುತ್ತಾರೆ. ಗಂತಿಗಳನ್ನು, ಅಂದರೆ ಕ್ಯಾನ್ಸರ್ ಗೆಡ್ಡೆಗಳನ್ನು, ಅಳೆಯಲು ರೆಸಿಸ್ಟ್ ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ; 2000ದಲ್ಲಿ ಬಂದು 2009ರಲ್ಲಿ ಪರಿಷ್ಕೃತವಾದದ್ದು. ಆಯ್ದ ಗಂತಿಗಳ ವ್ಯಾಸಗಳನ್ನು ಕೂಡಿಸಿದ ಮೊತ್ತ ಕಡೇಪಕ್ಷ ಶೇಕಡ 30ರಷ್ಟು ಕುಗ್ಗಿದ್ದರೆ ಅದು ಭಾಗಶಃ ಸ್ಪಂದನ, ಶೇಕಡ 20ರಷ್ಟು ಹೆಚ್ಚಿದ್ದರೆ ಅಥವಾ ಹೊಸ ಗಂತಿ ಕಾಣಿಸಿದ್ದರೆ ಉಲ್ಬಣ, ಇವೆರಡರ ನಡುವೆ ಇದ್ದರೆ ಸ್ಟೇಬಲ್. ಅಂದರೆ ಯಕೃತ್ತಿನಲ್ಲಿ ಆರು ಗಂತಿ ಇದ್ದವರಿಗೆ ಮುಂದಿನ ಸ್ಕ್ಯಾನಿನಲ್ಲೂ ಅದೇ ಆರು ಗಂತಿ, ಹೆಚ್ಚುಕಡಿಮೆ ಅದೇ ಗಾತ್ರದಲ್ಲಿ ಇದ್ದರೆ ಅವರು ಸ್ಟೇಬಲ್. ವೈದ್ಯರಿಗೆ ಇದು ಸಂತೋಷದ ಸುದ್ದಿ, ರೋಗಿಗೂ ಅಷ್ಟೇ, ಏಕೆಂದರೆ ಔಷಧ ಕೆಲಸ ಮಾಡುತ್ತಿದೆ. ಆದರೆ ಆ ಪದ ಗಂತಿಗಳ ಬಗ್ಗೆ ಹೇಳುತ್ತದೆಯೇ ಹೊರತು, ಆ ಗಂತಿಗಳನ್ನು ತಡೆಹಿಡಿಯಲು ಔಷಧ ತೆಗೆದುಕೊಳ್ಳುತ್ತಿರುವ ಮನುಷ್ಯನ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ. ವಿಮಾ ಕಚೇರಿಯಲ್ಲಿ ಕುಳಿತವರು ಅದನ್ನು ‘ಪರಿಸ್ಥಿತಿ ಸುಧಾರಿಸಿದೆ’ ಎಂದು ಓದುತ್ತಾರೆ. ನಾನೇ ಹಾಗೆ ಓದಿದ್ದೆನಲ್ಲ.

ಎರಡನೆಯದು ‘ಚಿಕಿತ್ಸೆಯನ್ನು ಚೆನ್ನಾಗಿ ತಾಳಿಕೊಳ್ಳುತ್ತಿದ್ದಾರೆ’ ಎಂಬ ವಾಕ್ಯ. ಇದರ ನಿಜವಾದ ಅರ್ಥ, ಔಷಧದ ಪ್ರಮಾಣವನ್ನು ತಗ್ಗಿಸುವಷ್ಟು ಅಥವಾ ನಿಲ್ಲಿಸುವಷ್ಟು ಅಡ್ಡಪರಿಣಾಮ ಆಗಿಲ್ಲ ಎಂಬುದಷ್ಟೇ. ಅಡ್ಡಪರಿಣಾಮಗಳಿಗೆ 1ರಿಂದ 5ರವರೆಗೆ ದರ್ಜೆಗಳಿವೆ, 5 ಎಂದರೆ ಸಾವು. 2ನೆಯ ದರ್ಜೆಯನ್ನು ‘ಮಧ್ಯಮ’ ಎನ್ನುತ್ತಾರೆ. ಕೇಳಲು ಹಗುರವಾದ ಪದ. ಆದರೆ ಆ ದರ್ಜೆಯ ವಿವರಣೆಯನ್ನು ತೆರೆದು ನೋಡಿದರೆ ಅಡುಗೆ ಮಾಡುವುದು, ಸಾಮಾನು ತರುವುದು, ಫೋನ್ ಬಳಸುವುದು, ಹಣದ ವ್ಯವಹಾರ ನೋಡಿಕೊಳ್ಳುವುದು ಮುಂತಾದ ಚಟುವಟಿಕೆಗಳಿಗೆ ಅಡ್ಡಿಯಾಗಿದೆ ಎಂಬುದೇ ಅದರ ಲಕ್ಷಣ. ನನ್ನ ಅಕ್ಕ ಲೆಕ್ಕಪತ್ರ ವಿಭಾಗದವಳು. ಹಣದ ವ್ಯವಹಾರ ನೋಡಿಕೊಳ್ಳುವುದೇ ಅವಳ ಉದ್ಯೋಗ. ‘ಮಧ್ಯಮ’ ಎಂಬ ಆ ಒಂದು ಪದದೊಳಗೆ ಅವಳ ಇಡೀ ವೃತ್ತಿ ಮುಗಿದಿರುವುದನ್ನು ಓದುವವರಿಗೆ ತೋರಿಸಿಕೊಡುವವರು ಯಾರೂ ಇರಲಿಲ್ಲ.

ಮೂರನೆಯದು ಒಂದೇ ಒಂದು ಅಂಕಿ. ಕ್ಯಾನ್ಸರ್ ವೈದ್ಯರು ರೋಗಿಯ ಶಕ್ತಿಯನ್ನು ಗುರುತಿಸಲು ಈಕಾಗ್ ಎಂಬ ಮಾಪಕವನ್ನು ಬಳಸುತ್ತಾರೆ, 1982ರಲ್ಲಿ ಪ್ರಕಟವಾದದ್ದು. 0 ಎಂದರೆ ಕಾಯಿಲೆಗೆ ಮುಂಚೆ ಇದ್ದಂತೆಯೇ ಇದ್ದಾರೆ. 1 ಎಂದರೆ ಮೈಮುರಿಯುವ ಕೆಲಸ ಆಗದು, ಆದರೆ ಹಗುರವಾದ ಮನೆಗೆಲಸ, ಕಚೇರಿ ಕೆಲಸ ಆಗುತ್ತದೆ. 2 ಎಂದರೆ ತಮ್ಮ ಸ್ನಾನ, ಊಟ, ಬಟ್ಟೆಯನ್ನು ತಾವೇ ನೋಡಿಕೊಳ್ಳಬಲ್ಲರು, ಎಚ್ಚರವಿರುವ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಎದ್ದಿರಬಲ್ಲರು, ಆದರೆ ಯಾವ ಉದ್ಯೋಗವನ್ನೂ ಮಾಡಲಾರರು. ಗಮನಿಸಿ, 1 ಮತ್ತು 2ರ ನಡುವಿನ ಗೆರೆಯೇ ಕಚೇರಿ ಕೆಲಸದ ಗೆರೆ. ವೈದ್ಯರು ಈ ಅಂಕಿಯನ್ನು ಹಾಕುವುದು ರೋಗಿ ಮುಂದಿನ ಕೀಮೋ ತಡೆದುಕೊಳ್ಳಬಲ್ಲರೇ ಎಂದು ನಿರ್ಧರಿಸಲು. ರೋಗಿ ನಡೆದುಕೊಂಡು ಒಳಬಂದರು, ನಕ್ಕರು, ಪರವಾಗಿಲ್ಲ ಎಂದರು, ಹಾಗಾಗಿ 1 ಎಂದು ಒತ್ತಿದರು. ರೋಗಿಗೂ 1 ಆಗಿರುವುದೇ ಬೇಕು, ಏಕೆಂದರೆ ಅಂಕಿ ಏರಿದರೆ ಚಿಕಿತ್ಸೆಯನ್ನೇ ನಿಲ್ಲಿಸಿಬಿಟ್ಟಾರು ಎಂಬ ಭಯ ಎದೆಯೊಳಗೆ ಕುಳಿತಿರುತ್ತದೆ. ಈ ಭಯವನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಚಿಕಿತ್ಸೆ ಸಿಗಬೇಕಾದರೆ ಗಟ್ಟಿಯಾಗಿ ಕಾಣಬೇಕು, ಸೌಲಭ್ಯ ಸಿಗಬೇಕಾದರೆ ಬಳಲಿದ್ದನ್ನು ತೋರಿಸಬೇಕು. ಎರಡನ್ನೂ ಅದೇ ಕಡತದಲ್ಲಿ, ಅದೇ ಮನುಷ್ಯ, ಅದೇ ವೈದ್ಯರ ಮುಂದೆ ಮಾಡಬೇಕು. ಇದಕ್ಕಿಂತ ಕ್ರೂರವಾದ ಇಕ್ಕಟ್ಟು ಬೇರೆ ಇದೆಯೆಂದು ನನಗೆ ಅನ್ನಿಸುವುದಿಲ್ಲ.

ದೇಹಕ್ಕೆ ಏನಾಗುತ್ತದೆ ಎಂಬುದನ್ನು ಹೇಳದೆ ಕಡತದ ಮಾತು ಪೂರ್ತಿಯಾಗುವುದಿಲ್ಲ. ಅಕ್ಕನಿಗೆ ಕೊಡುತ್ತಿದ್ದ ಔಷಧಗಳಲ್ಲಿ ಆಕ್ಸಾಲಿಪ್ಲಾಟಿನ್ ಒಂದು. ಅದು ನರಗಳ ತುದಿಯನ್ನು ಘಾಸಿಗೊಳಿಸುತ್ತದೆ. ತಣ್ಣಗಿನ ವಸ್ತುವನ್ನು ಮುಟ್ಟಿದರೆ ಬೆರಳಿಗೆ ಮಿಂಚು ಹೊಡೆದಂತಾಗುತ್ತದೆ, ಕೆಲವು ತಿಂಗಳ ನಂತರ ತಣ್ಣಗಿಲ್ಲದಾಗಲೂ ಬೆರಳ ತುದಿ ಜೋಮು ಹಿಡಿದೇ ಇರುತ್ತದೆ. ಒಂದು ದಿನ ಅವಳು ಕಚೇರಿಯಿಂದ ಬೇಗ ಬಂದು, ಏನೂ ಮಾತಾಡದೆ ಕುಳಿತಳು. ಕೇಳಿದಾಗ ಹೇಳಿದ್ದು ಇಷ್ಟು: ವೋಚರುಗಳನ್ನು ಒಂದೊಂದಾಗಿ ತಿರುವುತ್ತಿದ್ದಾಗ ಎರಡು ಹಾಳೆ ಒಟ್ಟಿಗೆ ಬರುತ್ತಿದ್ದದ್ದು ಅವಳ ಬೆರಳಿಗೆ ತಿಳಿದಿರಲಿಲ್ಲ. ಒಂದು ವೋಚರ್ ತಪ್ಪಿ, ಮೊತ್ತ ತಾಳೆಯಾಗದೆ, ಅದೇ ಪಟ್ಟಿಯನ್ನು ಮೂರು ಸಲ ಕೂಡಿಸಿದ್ದಳು, ಮೂರು ಸಲವೂ ಬೇರೆ ಬೇರೆ ಮೊತ್ತ ಬಂದಿತ್ತು. 26 ವರ್ಷ ಲೆಕ್ಕ ಬರೆದವಳು. “ನನ್ನ ಕೈ ನಂಗೆ ಸುಳ್ಳು ಹೇಳ್ತಿದೆ ಕಣೆ” ಅಂದಳು.

ಇನ್ನೊಂದು ಔಷಧ ಕ್ಯಾಪಿಸಿಟಾಬಿನ್, ಮಾತ್ರೆಯ ರೂಪದ್ದು. ಅಂಗೈ ಅಂಗಾಲು ಕೆಂಪಾಗಿ, ಉರಿದು, ಚರ್ಮ ಸುಲಿಯುತ್ತದೆ. ಕೆಲವರಿಗೆ ಬೆರಳಚ್ಚೇ ಅಳಿಸಿಹೋಗುತ್ತದೆ. ಈ ಮಾತ್ರೆ ತೆಗೆದುಕೊಳ್ಳುತ್ತಿದ್ದ ಒಬ್ಬ ಪ್ರಯಾಣಿಕರನ್ನು ಬೆರಳಚ್ಚು ಸಿಗಲಿಲ್ಲವೆಂದು ಅಮೆರಿಕದ ವಿಮಾನ ನಿಲ್ದಾಣವೊಂದರಲ್ಲಿ ತಡೆದಿದ್ದ ಪ್ರಸಂಗ 2009ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾಯಿತು. ಅಕ್ಕನ ಕಚೇರಿಯಲ್ಲಿ ಹಾಜರಿ ಹಾಕುವ ಯಂತ್ರ ಅವಳ ಬೆರಳನ್ನು ಗುರುತಿಸದೆ ಒಂಬತ್ತು ದಿನ ಗೈರುಹಾಜರಿ ಎಂದು ತೋರಿಸಿತ್ತು. ಆ ಒಂಬತ್ತು ದಿನವೂ ಅವಳು ತನ್ನ ಕುರ್ಚಿಯಲ್ಲೇ ಇದ್ದಳು.

ದಣಿವಿನ ಬಗ್ಗೆ ಒಂದು ಮಾತು. ನಿದ್ದೆ ಮಾಡಿ ಎದ್ದರೆ ಹೋಗುವ ಆಯಾಸವನ್ನು ನಾವೆಲ್ಲ ಬಲ್ಲೆವು. ಕ್ಯಾನ್ಸರಿನ ದಣಿವು ವಿಶ್ರಾಂತಿಯಿಂದ ಹೋಗುವುದಿಲ್ಲ, ಅದೇ ಅದರ ಗುರುತು. ಅದು ದಿನದಿನಕ್ಕೂ ಬದಲಾಗುತ್ತದೆ. ಕೀಮೋ ಜೊತೆಗೆ ವಾಂತಿ ತಡೆಯಲು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡುವುದರಿಂದ ಮೊದಲ ಎರಡು ಮೂರು ದಿನ ಎಷ್ಟೋ ಮಂದಿಗೆ ಮೈಯಲ್ಲಿ ಕೃತಕವಾದ ಲವಲವಿಕೆ ಇರುತ್ತದೆ. ಸ್ಟೀರಾಯ್ಡ್ ಇಳಿದ ಮೇಲೆ ಹಾಸಿಗೆಯಿಂದ ಏಳಲು ಆಗುವುದಿಲ್ಲ. ವಿಮಾ ಕಂಪನಿಯವರು ಅಕ್ಕನನ್ನು ಫೋನಿನಲ್ಲಿ ವಿಚಾರಿಸಿದ್ದು ಕೀಮೋ ಆದ ಮರುದಿನ. ಅವಳ ದನಿ ಅಂದು ಗಂಟೆ ಬಾರಿಸಿದ ಹಾಗಿತ್ತು. ನೀವು ಇಂಥ ವಿಚಾರಣೆಗೆ ಒಪ್ಪುವ ಮುನ್ನ ಆ ದಿನ ನಿಮ್ಮ ಚಿಕಿತ್ಸೆಯ ಸುತ್ತಿನಲ್ಲಿ ಎಷ್ಟನೆಯ ದಿನ ಎಂದು ಎಣಿಸಿ ನೋಡಿ, ಬೇರೆ ದಿನ ಕೊಡಿ ಎಂದು ಕೇಳಿ. ಆಗದಿದ್ದರೆ ‘ಇಂದು ಕೀಮೋ ಆದ ಎರಡನೆಯ ದಿನ, ಸ್ಟೀರಾಯ್ಡ್ ಇದೆ’ ಎಂದು ಮಾತಿನ ಮೊದಲಲ್ಲೇ ಹೇಳಿ, ಬರೆದುಕೊಳ್ಳಲು ಹೇಳಿ.

ಹಾಗಾದರೆ ಕಡತವನ್ನು ಸರಿಪಡಿಸುವುದು ಹೇಗೆ? ಅಕ್ಕ ಮಾಡಿದ್ದನ್ನೇ ಹೇಳುತ್ತೇನೆ. ನಿರಾಕರಣೆ ಬಂದ ಮೇಲೆ ಅವಳು ಒಂದು ನೋಟುಪುಸ್ತಕ ಇಟ್ಟಳು. ಬರೆಯಲು ಬೆರಳು ಸಹಕರಿಸದ ದಿನ ಅವಳು ಹೇಳಿದ್ದನ್ನು ನಾನು ಬರೆದೆ. ನೋವು, ಸುಸ್ತು, ಬೇಸರ ಎಂಬ ಪದಗಳನ್ನು ಬಳಸಬಾರದು ಎಂದು ನಾವೇ ಒಂದು ಕಟ್ಟಳೆ ಹಾಕಿಕೊಂಡೆವು. ಏಕೆಂದರೆ ಓದುವವರಿಗೆ ಆ ಪದಗಳು ಅಳತೆಗೆ ಸಿಗುವುದಿಲ್ಲ. ಒಂದು ದಿನದ ಬರಹ ಹೀಗಿತ್ತು: ‘ಕೀಮೋ ಆದ ಐದನೆಯ ದಿನ. ಬೆಳಗ್ಗೆ 7ಕ್ಕೆ ಎದ್ದೆ, 7:40ಕ್ಕೆ ಮತ್ತೆ ಮಲಗಿದೆ. 10ರಿಂದ 10:25ರವರೆಗೆ ಬ್ಯಾಂಕಿನ ಪಾಸ್‌ಪುಸ್ತಕ ನೋಡಿದೆ, ಎರಡು ಸಾಲು ಬಿಟ್ಟುಹೋಗಿತ್ತು, ತಂಗಿ ತೋರಿಸಿದಳು. ಶೌಚಕ್ಕೆ ಆರು ಸಲ. ಅಂಗಿಯ ಗುಂಡಿ ಹಾಕಲು ನಾಲ್ಕು ನಿಮಿಷ. ಮಧ್ಯಾಹ್ನ ಮೂರು ಗಂಟೆ ಮಲಗಿದ್ದೆ.’ ಆರು ವಾರಗಳ ಇಂಥ ಬರಹ, ಅಂದರೆ ಮೂರು ಸುತ್ತಿನ ಕೀಮೋ, ಒಳ್ಳೆಯ ದಿನಗಳನ್ನೂ ಮರೆಮಾಚದೆ. ಒಳ್ಳೆಯ ದಿನಗಳನ್ನು ಬರೆದದ್ದರಿಂದಲೇ ಉಳಿದದ್ದಕ್ಕೆ ಬೆಲೆ ಬಂತು. ಹದಿನಾಲ್ಕು ದಿನಗಳಲ್ಲಿ ಐದು ದಿನ ಮಾತ್ರ ಅವಳು ಮೇಜಿನ ಮುಂದೆ ಕೂರಬಲ್ಲಳು, ಆ ಐದು ದಿನ ಯಾವುವು ಎಂದು ಮೊದಲೇ ಹೇಳಲಾರಳು ಎಂಬುದು ಅದರಿಂದ ಕಣ್ಣಿಗೆ ಕಟ್ಟಿತು.

ಆ ಪುಸ್ತಕವನ್ನು ಹಿಡಿದು ಅಕ್ಕ ವೈದ್ಯರ ಬಳಿಗೆ ಹೋದಳು. ಕುಳಿತ ಕೂಡಲೇ “ಡಾಕ್ಟ್ರೇ, ನಾನು ಇಷ್ಟು ದಿನ ಪರವಾಗಿಲ್ಲ ಅಂತಿದ್ದೆ, ಅದು ನಿಜ ಅಲ್ಲ” ಎಂದಳು. ವೈದ್ಯರು ಪುಸ್ತಕವನ್ನು ಪೂರ್ತಿ ಓದಿದರು. ಅವರು ಕೆಟ್ಟವರಾಗಿರಲಿಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ ಅಷ್ಟೆ. ಅಂದಿನ ಟಿಪ್ಪಣಿಯಲ್ಲಿ ಈಕಾಗ್ 2 ಎಂದು ಬರೆದರು, ಚಿಕಿತ್ಸೆ ನಿಲ್ಲಿಸುವ ಮಾತು ಎತ್ತಲಿಲ್ಲ, ಬದಲಿಗೆ ಆಕ್ಸಾಲಿಪ್ಲಾಟಿನ್ ಪ್ರಮಾಣವನ್ನು ತಗ್ಗಿಸಿದರು. ಇಷ್ಟು ದಿನ ಸುಮ್ಮನಿದ್ದದ್ದರಿಂದ ಅವಳ ಬೆರಳಿಗೂ ನಷ್ಟವಾಗಿತ್ತು ಎಂದು ಆಗ ಗೊತ್ತಾಯಿತು. ಜೊತೆಗೆ ಅವರು ಒಂದು ಪತ್ರ ಕೊಟ್ಟರು. ‘ಈ ರೋಗಿ ಕೆಲಸ ಮಾಡಲು ಅಸಮರ್ಥರು’ ಎಂಬ ಒಂದು ಸಾಲಿನ ಪತ್ರವನ್ನು ಯಾವ ಕಚೇರಿಯೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಷ್ಟು ಹೊತ್ತು ಕೂರಬಲ್ಲರು, ಬೆರಳಿನಿಂದ ಏನು ಮಾಡಲಾರರು, ದಿನಕ್ಕೆ ಎಷ್ಟು ಸಲ ಮಲಗಬೇಕಾಗುತ್ತದೆ, ತಿಂಗಳಿಗೆ ಎಷ್ಟು ದಿನ ಗೈರುಹಾಜರಾಗುವ ಸಂಭವವಿದೆ, ಇದಕ್ಕೆ ಯಾವ ಔಷಧ ಕಾರಣ, ‘ಸ್ಟೇಬಲ್’ ಎಂಬ ಪದಕ್ಕೆ ಇಲ್ಲಿ ಏನರ್ಥ ಎಂಬುದೆಲ್ಲ ಇವರು ಕೊಟ್ಟ ಪತ್ರದಲ್ಲಿತ್ತು.

ಅದರ ಜೊತೆಗೆ ಇಡಬೇಕಾದ ಇನ್ನೊಂದು ಕಾಗದವನ್ನು ಜನ ಮರೆಯುತ್ತಾರೆ: ನಿಮ್ಮ ಕೆಲಸದ ವಿವರ. ಗುಂಪು ವಿಮೆಗಳಲ್ಲಿ ‘ಸ್ವಂತ ವೃತ್ತಿ’ ಮತ್ತು ‘ಯಾವುದೇ ವೃತ್ತಿ’ ಎಂಬ ಎರಡು ವ್ಯಾಖ್ಯೆಗಳಿರುತ್ತವೆ. ಮೊದಲು, ಸಾಮಾನ್ಯವಾಗಿ 24 ತಿಂಗಳವರೆಗೆ, ನೀವು ಮಾಡುತ್ತಿದ್ದ ಕೆಲಸವನ್ನು ಮಾಡಲಾರಿರಿ ಎಂದು ತೋರಿಸಿದರೆ ಸಾಕು. ಆಮೇಲೆ ನಿಮ್ಮ ಓದಿಗೆ, ಅನುಭವಕ್ಕೆ ಹೊಂದುವ ಯಾವ ಕೆಲಸವನ್ನೂ ಮಾಡಲಾರಿರಿ ಎಂದು ತೋರಿಸಬೇಕು. ಅಮೆರಿಕದ ಸಾಮಾಜಿಕ ಭದ್ರತಾ ವಿಮೆಯಲ್ಲಂತೂ ಮೊದಲ ದಿನದಿಂದಲೇ ಎರಡನೆಯ ಬಗೆಯ ಬಿಗಿಯಾದ ಪರೀಕ್ಷೆ: ಗಣನೀಯ ಸಂಪಾದನೆಯ ಯಾವ ಉದ್ಯೋಗವೂ ಸಾಧ್ಯವಿಲ್ಲದಿರಬೇಕು, ಆ ಸ್ಥಿತಿ 12 ತಿಂಗಳಾದರೂ ಇರುವಂಥದ್ದಾಗಿರಬೇಕು ಅಥವಾ ಸಾವಿಗೆ ಕೊಂಡೊಯ್ಯುವಂಥದ್ದಾಗಿರಬೇಕು. ಒಪ್ಪಿಗೆ ಸಿಕ್ಕರೂ, ಅಸಮರ್ಥರಾದ ಮೇಲಿನ ಮೊದಲ ಐದು ಪೂರ್ಣ ತಿಂಗಳಿಗೆ ಹಣ ಬರುವುದಿಲ್ಲ. ಹರಡಿದ ಹಲವು ಕ್ಯಾನ್ಸರುಗಳ ಅರ್ಜಿಗಳನ್ನು ಬೇಗ ಗುರುತಿಸಿ ಮುಂದಕ್ಕೆ ಕಳಿಸುವ ಏರ್ಪಾಡನ್ನು ಅಲ್ಲಿ 2008ರಲ್ಲಿ ಶುರುಮಾಡಿದ್ದಾರೆ. ಅದು ತೀರ್ಮಾನವನ್ನು ಬೇಗ ತರುತ್ತದೆ, ಆ ಐದು ತಿಂಗಳನ್ನು ಮನ್ನಾ ಮಾಡುವುದಿಲ್ಲ. ಮತ್ತೆ ಕೆಲಸದ ವಿವರಕ್ಕೆ ಬಂದರೆ, ಹುದ್ದೆಯ ಹೆಸರನ್ನಷ್ಟೇ ಬರೆದರೆ ‘ಕುಳಿತು ಮಾಡುವ ಕೆಲಸ’ ಎಂದು ಒಂದು ಗೆರೆಯಲ್ಲಿ ಮುಗಿಸಿಬಿಡುತ್ತಾರೆ. ದಿನಕ್ಕೆ ಎಷ್ಟು ವೋಚರ್, ತಪ್ಪಾದರೆ ಏನಾಗುತ್ತದೆ, ತಿಂಗಳ ಕೊನೆಯಲ್ಲಿ ಎಷ್ಟು ಗಂಟೆ ಎಂದು ನೀವೇ ಬರೆದು, ಮೇಲಧಿಕಾರಿಯ ಸಹಿ ಮಾಡಿಸಿ.

ಇದಕ್ಕೆಲ್ಲ ಮುಂಚಿನ ಒಂದು ಹೆಜ್ಜೆಯನ್ನು ತಡವಾಗಿ ಹೇಳುತ್ತಿದ್ದೇನೆ, ಆದರೆ ಇದೇ ಅತ್ಯಂತ ದುಬಾರಿಯಾದ ತಪ್ಪು. ರಾಜೀನಾಮೆ ಕೊಡಬೇಡಿ. ಕಾಯಿಲೆಯ ಸುದ್ದಿ ಕೇಳಿದ ವಾರದಲ್ಲೇ ‘ಇನ್ನು ಕೆಲಸ ಯಾಕೆ, ಸಂಸ್ಥೆಗೆ ನಾನು ಹೊರೆಯಾಗಬಾರದು’ ಎಂದು ಸದ್ಭಾವದಿಂದ ರಾಜೀನಾಮೆ ಬರೆದುಕೊಟ್ಟವರನ್ನು ನನ್ನ ಮೇಜಿನ ಮುಂದೆ ಕಂಡಿದ್ದೇನೆ, ಅವರ ಕೈಕುಲುಕಿ ಕಳಿಸಿಕೊಟ್ಟಿದ್ದೇನೆ. ಉದ್ಯೋಗದ ಮೂಲಕ ಬರುವ ವಿಮೆ ಸಾಮಾನ್ಯವಾಗಿ ಉದ್ಯೋಗದಲ್ಲಿರುವಾಗ ಅಸಮರ್ಥರಾದವರಿಗೆ ಮಾತ್ರ. ಹುದ್ದೆ ಬಿಟ್ಟ ಮರುದಿನ ಅದರ ಬಾಗಿಲು ಮುಚ್ಚಿಹೋಗಬಹುದು. ಹಾಗೆಯೇ ಅರ್ಧ ದಿನದ ಕೆಲಸಕ್ಕೆ ಇಳಿಯುವ ಮುನ್ನ ನಿಮ್ಮ ಪಾಲಿಸಿಯನ್ನು ಓದಿ. ಭತ್ಯೆಯನ್ನು ಸಂಬಳದ ಅರ್ಧದಿಂದ ಮೂರರಲ್ಲಿ ಎರಡು ಭಾಗದವರೆಗಿನ ದರದಲ್ಲಿ ಲೆಕ್ಕ ಹಾಕುವುದು ವಾಡಿಕೆ; ಆ ಸಂಬಳ ಅಸಾಮರ್ಥ್ಯಕ್ಕೆ ಮುಂಚಿನದೋ ಇಳಿಸಿದ ಮೇಲಿನದೋ ಎಂಬುದು ಪಾಲಿಸಿಯ ಒಂದು ಸಾಲಿನಲ್ಲಿ ಅಡಗಿರುತ್ತದೆ. ಪಾಲಿಸಿಯ ಪೂರ್ತಿ ಪ್ರತಿ ಕೇಳಿ, ಸಾರಾಂಶದ ಹಾಳೆ ಸಾಲದು. ಇನ್ನೂ ಸ್ವಲ್ಪ ಕಾಲ ಕೆಲಸ ಮಾಡಬಲ್ಲೆ, ಮಾಡಬೇಕು ಎಂದು ಬಯಸುವವರು ಮನೆಯಿಂದ ಕೆಲಸ, ಮಲಗಲು ಒಂದು ಜಾಗ, ಬೇರೆ ಹುದ್ದೆ ಮುಂತಾದ ಹೊಂದಾಣಿಕೆಗಳನ್ನು ಕೇಳಬಹುದು, ಹಲವು ದೇಶಗಳ ಕಾನೂನು ಅದಕ್ಕೆ ಅವಕಾಶ ಕೊಡುತ್ತದೆ. ಕೇಳುವುದನ್ನು ಬರಹದಲ್ಲೇ ಕೇಳಿ. ಆ ಹೊಂದಾಣಿಕೆ ಕೊಟ್ಟರೂ ಕೆಲಸ ಸಾಗಲಿಲ್ಲ ಎಂಬುದು ಮುಂದೆ ನಿಮ್ಮ ಅರ್ಜಿಗೆ ಗಟ್ಟಿಯಾದ ಆಧಾರವಾಗುತ್ತದೆ.

ನಿರಾಕರಣೆ ಬಂದರೆ ಅದನ್ನು ಕೊನೆಯ ಮಾತೆಂದು ತಿಳಿಯಬೇಡಿ, ಆದರೆ ಪತ್ರದಲ್ಲಿರುವ ಗಡುವನ್ನು ಅದೇ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಮೆರಿಕದ ಖಾಸಗಿ ಗುಂಪು ವಿಮೆಗಳಲ್ಲಿ ಮೇಲ್ಮನವಿಗೆ 180 ದಿನ ಸಿಗುತ್ತದೆ. ಅದೂ ತಿರಸ್ಕೃತವಾಗಿ ನ್ಯಾಯಾಲಯಕ್ಕೆ ಹೋದರೆ, ಮೇಲ್ಮನವಿಯ ಕಡತದಲ್ಲಿ ಏನಿತ್ತೋ ಅದನ್ನೇ ನ್ಯಾಯಾಧೀಶರು ಬಹುತೇಕ ನೋಡುತ್ತಾರೆ, ಹೊಸ ಕಾಗದಕ್ಕೆ ಅವಕಾಶ ಸಿಗುವುದು ಅಪರೂಪ. ಸಿಟ್ಟಿನಿಂದ ಎರಡು ಸಾಲಿನ ಮೇಲ್ಮನವಿ ಬರೆದು ಮರುದಿನವೇ ಕಳಿಸುವವರು ಆ 180 ದಿನಗಳನ್ನು ತಮ್ಮ ಕೈಯಿಂದಲೇ ಚೆಲ್ಲಿಕೊಳ್ಳುತ್ತಾರೆ.

ಆಯುಷ್ಯದ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಲಾರೆ. ಕೆಲವು ವ್ಯವಸ್ಥೆಗಳಲ್ಲಿ ಜೀವಿತದ ಕೊನೆಯ ಹಂತದಲ್ಲಿರುವವರಿಗೆ ಬೇಗ ಮಂಜೂರಾಗುವ ದಾರಿಯಿದೆ. ಬ್ರಿಟನ್ನಿನಲ್ಲಿ ಆರು ತಿಂಗಳೊಳಗೆ ಸಾವು ಬರಬಹುದು ಎಂಬ ಹಳೆಯ ಷರತ್ತನ್ನು ಸಡಿಲಿಸಿ, 2022 ಮತ್ತು 2023ರಲ್ಲಿ ಹಂತಹಂತವಾಗಿ 12 ತಿಂಗಳಿಗೆ ವಿಸ್ತರಿಸಿದರು. ಅದು ಒಳ್ಳೆಯ ತಿದ್ದುಪಡಿ. ಆದರೂ ಆ ಫಾರಂ ಹಿಡಿದುಕೊಂಡು ಹೋಗಿ ‘ನಾನು ವರ್ಷದೊಳಗೆ ಸಾಯಬಹುದು ಎಂದು ಬರೆದುಕೊಡಿ’ ಎಂದು ಕೇಳುವುದು ಯಾರಿಗೂ ಸುಲಭವಲ್ಲ. ಅಂಥ ಕಾಗದಕ್ಕೆ ವೈದ್ಯರು ಸಹಿ ಹಾಕಿದರೆ ಅದು ವಿಧಿಯ ಸಹಿಯೆಂದು ಮನೆಯವರು ತಿಳಿಯುತ್ತಾರೆ. ಹಾಗೇನೂ ಅಲ್ಲ; ಇಷ್ಟು ಕಾಲದೊಳಗೆ ಸಾವು ಬಂದರೆ ಆಶ್ಚರ್ಯಪಡಬೇಕಿಲ್ಲ ಎಂಬ ವೈದ್ಯಕೀಯ ಅಂದಾಜು ಅದು, ಅದನ್ನು ಮೀರಿ ಬದುಕಿದವರು ಎಷ್ಟೋ ಮಂದಿ, ಬದುಕಿದ್ದಕ್ಕೆ ಯಾರೂ ಅವರನ್ನು ತಪ್ಪಿತಸ್ಥರೆನ್ನುವುದಿಲ್ಲ. ಮನೆಯವರಲ್ಲಿ ಒಬ್ಬರು ಈ ಕಾಗದಪತ್ರದ ಹೊಣೆಯನ್ನು ಪೂರ್ತಿ ವಹಿಸಿಕೊಂಡು, ರೋಗಿ ಓದಲು ಬಯಸದ ಪುಟವನ್ನು ಅವರಿಗೆ ತೋರಿಸದೆಯೇ ನಡೆಸಿಕೊಂಡು ಹೋಗುವುದು ಸಾಧ್ಯವಿದ್ದರೆ ಹಾಗೆಯೇ ಮಾಡಿ.

ಕೇಳುವುದಕ್ಕೆ ನಾಚಿಕೆಯಾಗುತ್ತದೆ ಎನ್ನುವವರು ಈ ಸಭೆಯಲ್ಲೂ ಇದ್ದೀರಿ, ನನಗೆ ಗೊತ್ತು. ಅಕ್ಕನೂ ಅರ್ಜಿ ಹಾಕುವುದನ್ನು “ಕೈಚಾಚುವುದು” ಎಂದೇ ಕರೆಯುತ್ತಿದ್ದಳು. ನಾನು ಅವಳ 26 ವರ್ಷಗಳ ಸಂಬಳದ ಚೀಟಿಗಳ ಕಟ್ಟನ್ನು ಬಿಚ್ಚಿ, ವಿಮೆಗೆಂದು ಪ್ರತಿ ತಿಂಗಳು ಕಡಿತವಾದ ಸಾಲಿನ ಮೇಲೆ ಅವಳ ಬೆರಳನ್ನು ಇಟ್ಟೆ. ಲೆಕ್ಕದವಳಲ್ಲವೇ, ಆ ದಿನ ಅವಳಿಗೆ ಮೈ ಚೆನ್ನಾಗಿತ್ತು, ಕುಳಿತು ಪೂರ್ತಿ ಕೂಡಿಸಿದಳು. ಆಮೇಲೆ ಆ ಪದವನ್ನು ಬಳಸಲಿಲ್ಲ.

ಮೇಲ್ಮನವಿ ಒಪ್ಪಿಗೆಯಾಯಿತು. ಅಲ್ಲಿಗೆ ಮುಗಿಯಿತೆಂದು ನಾವು ಅಂದುಕೊಂಡಿದ್ದೆವು, ಆದರೆ ಆರು ತಿಂಗಳಿಗೊಮ್ಮೆ ಪರಿಶೀಲನೆಯ ಫಾರಂ ಬರುತ್ತದೆ, ಪ್ರತಿಸಲವೂ ಹೊಸ ಟಿಪ್ಪಣಿ, ಹೊಸ ಪತ್ರ ಬೇಕು. ಆದ್ದರಿಂದ ನೋಟುಪುಸ್ತಕವನ್ನು ನಿಲ್ಲಿಸಬೇಡಿ. ಆ ಫಾರಮ್ಮಿನ ಏಳನೆಯ ಪ್ರಶ್ನೆ, ‘ಕೆಲಸಕ್ಕೆ ಮರಳುವ ನಿರೀಕ್ಷಿತ ದಿನಾಂಕ’. ಉತ್ತರಕ್ಕೆ ಎಂಟು ಚೌಕಗಳಿದ್ದವು, ದಿನಕ್ಕೆ ಎರಡು, ತಿಂಗಳಿಗೆ ಎರಡು, ವರ್ಷಕ್ಕೆ ನಾಲ್ಕು. ಬೇರೇನನ್ನೂ ಬರೆಯಲು ಜಾಗವಿರಲಿಲ್ಲ. ಮೊದಲ ಸಲ ಅಕ್ಕ ಅದನ್ನು ಬಹಳ ಹೊತ್ತು ನೋಡುತ್ತಾ ಕುಳಿತಳು. ಆಮೇಲೆ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಚೌಕಗಳ ಗೆರೆಗಳನ್ನು ದಾಟಿಸಿ, ದೊಡ್ಡ ಅಕ್ಷರಗಳಲ್ಲಿ ಬರೆದಳು: ‘ಚಿಕಿತ್ಸೆ ನಡೆಯುತ್ತಿದೆ. ಮುಂದಿನ ಸ್ಕ್ಯಾನ್ ಆರು ವಾರಕ್ಕೆ. ಅದಕ್ಕಿಂತ ಮುಂದಿನದನ್ನು ಯಾರೂ ಹೇಳಲಾರರು.’ ಫಾರಂ ತಪ್ಪಾಗಿ ತುಂಬಿದೆಯೆಂದು ವಾಪಸ್ ಬರುತ್ತದೆ ಎಂದು ನಾನು ಹೆದರಿದ್ದೆ. ಬರಲಿಲ್ಲ.